ಬ್ರೇಕಿಲ್ಲದ ಸೀಟು

ನಮ್ಮ ಮನೆಯವರು ದುಬೈಯ ಡ್ರೈವಿಂಗ್ ಟೆಸ್ಟಿನಲ್ಲಿ ಆರು ಸಲ ಫೇಲಾಗಿ ಏಳನೆಯ ಸಲ ಪಾಸಾದವರು. ಇದನ್ನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಬೇಡ ಎಂದು ಅವರು ಕೇಳಿಕೊಂಡದ್ದುಂಟು. ಆದರೆ ಇದನ್ನು ಬಿಟ್ಟರೆ ನಾವು ಕಾರು ತಂದ ಕಥೆಗೆ ತಲೆಬುಡ ಇರುವುದಿಲ್ಲ. ಹಾಗಾಗಿ ಬರೆಯುವ ಮೊದಲೇ ಕೇಳಿದೆ. ಪೇಪರಿನಿಂದ ಮುಖ ಎತ್ತದೆ, ಬರಿ, ಹೆಸರು ಮಾತ್ರ ಹಾಕಬೇಡ ಎಂದರು. ಹಾಕಿಲ್ಲ.

ಆಗ ನಾವಿದ್ದದ್ದು ಸಿಲಿಕಾನ್ ಓಯಸಿಸ್‌ನ ಒಂದು ಕಟ್ಟಡದ ಐದನೇ ಮಹಡಿಯಲ್ಲಿ. ನಾನು ಅಲ್ ಮುರಕ್ಕಬಾತ್‌ನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವರು ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು, ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನನ್ನ ಶಿಫ್ಟಿಗೆ ಬಸ್ಸು ಕಾಯುತ್ತ ಕೂರುವುದು ಸಾಧ್ಯವಿರಲಿಲ್ಲ. ಎರಡನೇ ಟೆಸ್ಟಿಗೇ ಲೈಸೆನ್ಸ್ ತೆಗೆದುಕೊಂಡು ಆರು ವರ್ಷದಿಂದ ಒಂದು ಹಳೇ ಕಾರು ಓಡಿಸುತ್ತಿದ್ದೆ. ಶುಕ್ರವಾರ ಇಗರ್ಜಿಗೆ ಹೋಗುವಾಗ ನಾನು ಸ್ಟಿಯರಿಂಗಿನ ಹಿಂದೆ, ಅವರು ಪಕ್ಕದಲ್ಲಿ ಮಗಳ ನೀರಿನ ಬಾಟಲಿ ಹಿಡಿದುಕೊಂಡು. ನಮ್ಮ ಊರಿನವರು ಎದುರಾದರೆ ಒಂದು ನಗು ನಕ್ಕೇ ಮುಂದೆ ಹೋಗುತ್ತಿದ್ದರು.

ಅವರು ಫೇಲಾಗುತ್ತಿದ್ದದ್ದು ಓಡಿಸಲು ಗೊತ್ತಿಲ್ಲದೆ ಅಲ್ಲ, ಮರ್ಯಾದೆ ಹೆಚ್ಚಾಗಿ. ರೌಂಡಬೌಟಿನಲ್ಲಿ ಎಲ್ಲರಿಗೂ ದಾರಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಎಡದಿಂದ ಬರುವವರು ಹೋಗಲಿ, ಅವರ ಹಿಂದಿನವರು ಹೋಗಲಿ, ಆ ಡೆಲಿವರಿ ಬೈಕಿನವನೂ ಪಾಪ ಹೋಗಲಿ. ಮೂರನೇ ಸಲ ಪರೀಕ್ಷೆ ಮಾಡಲು ಕೂತಿದ್ದವರು ಕೊನೆಗೆ ಫೈಲು ಮುಚ್ಚಿ "ಖಲಾಸ್" ಎಂದರಂತೆ. ಮದುವೆ ಊಟದಲ್ಲೂ ಹಾಗೇ, ಎಲ್ಲರಿಗೂ ಬಡಿಸಿ ಆಗುವವರೆಗೆ ತಟ್ಟೆ ಹಿಡಿಯುವುದಿಲ್ಲ. ಅದನ್ನು ಗುಣ ಅಂದುಕೊಂಡೇ ನಾನು ಮದುವೆಯಾದದ್ದು. ರಸ್ತೆಯ ಮೇಲೆ ಅದೇ ಗುಣ ನನ್ನ ತಲೆ ಕೆಡಿಸುತ್ತಿತ್ತು.

ಏಳನೆಯ ಸಲ ಪಾಸಾಗಿ ಎರಡು ತಿಂಗಳಾಗಿರಬಹುದು, ಬಹರೈನಿನಿಂದ ನನ್ನ ಅಕ್ಕ ಫೋನ್ ಮಾಡಿದಳು. ಅವಳೂ ಭಾವನೂ ಕೆಲಸ ಬಿಟ್ಟು ಮಂಗಳೂರಿಗೆ ಹೊರಟಿದ್ದರು. ಅವರ ಬಿಳಿ ಕಾರು ಆಫೀಸಿಗೆ ಮತ್ತು ಇಗರ್ಜಿಗೆ ಬಿಟ್ಟರೆ ಎಲ್ಲಿಗೂ ಹೋದದ್ದಲ್ಲ, ಸೀಟಿನ ಪ್ಲಾಸ್ಟಿಕ್ ಕೂಡ ಹಾಗೆಯೇ ಇತ್ತು. ಎಡಗಡೆ ಸ್ಟಿಯರಿಂಗ್ ಇರುವ ಗಾಡಿಯನ್ನು ಊರಿಗೆ ಒಯ್ದು ಮಾಡುವುದೇನು, ಬೇರೆಯವರ ಕೈಗೆ ಕೊಡುವ ಬದಲು ನೀನೇ ತಗೋ ಎಂದಳು. ನನ್ನ ಹಳೇ ಕಾರು ಆಗಲೇ ಕೆಮ್ಮಲು ಶುರು ಮಾಡಿತ್ತು. ತಗೋತೇನೆ ಎಂದೆ. ಓಡಿಸುವವಳು ನಾನು, ಹಾಗಾಗಿ ಭಾವ ಕಾಗದಪತ್ರವನ್ನೆಲ್ಲ ನನ್ನ ಹೆಸರಿಗೇ ಮಾಡಿಸಿದರು. ಬೇರೆ ಹೆಸರು ಯಾರ ತಲೆಗೂ ಬರಲಿಲ್ಲ.

ಹಡಗಿನಲ್ಲಿ ಕಳಿಸಿದರೆ ವಾರಗಟ್ಟಲೆ ಕಾಯಬೇಕು, ರಸ್ತೆಯಲ್ಲಾದರೆ ಒಂದೇ ದಿನ ಎಂದರು ಭಾವ. ಬಹರೈನಿನಿಂದ ಸಮುದ್ರದ ಮೇಲಿನ ಸೇತುವೆ ದಾಟಿದರೆ ಸೌದಿ, ಸೌದಿ ದಾಟಿದರೆ ನಮ್ಮ ಎಮಿರೇಟ್ಸ್. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ನನಗೆ ಉತ್ಸಾಹ ಬಂದುಬಿಟ್ಟಿತು. ದೊಡ್ಡ ರಸ್ತೆ, ಹೊಸ ಗಾಡಿ, ಮೂರು ದೇಶ. ಆಗ ಅಕ್ಕ ಮೆಲ್ಲಗೆ, ಸೌದಿಯಲ್ಲಿ ನೀನು ಓಡಿಸುವ ಹಾಗಿಲ್ಲವಲ್ಲ ಮಾರಾಯ್ತಿ ಎಂದಳು. ಅಲ್ಲಿ ಹೆಂಗಸರಿಗೆ ಇನ್ನೂ ಅನುಮತಿ ಬಂದಿರದ ವರ್ಷಗಳವು. ನಾನು ಫೋನ್ ಹಿಡಿದುಕೊಂಡೇ ಅಡುಗೆಮನೆಯಿಂದ ಇಣುಕಿದೆ. ಇವರು ಸೋಫಾದ ಮೇಲೆ ಕೂತು ಮಗಳ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದರು.

ಲೈಸೆನ್ಸ್ ಬಂದ ಮೇಲೆ ಅವರು ಮೂರೇ ಸಲ ಕಾರು ಓಡಿಸಿದ್ದು, ಮೂರೂ ಸಲ ನಾನು ಪಕ್ಕದಲ್ಲಿದ್ದೆ, ಮೂರೂ ಸಲ ಜಗಳದಲ್ಲಿ ಮುಗಿದಿತ್ತು. ತಪ್ಪು ನನ್ನದೇ ಹೆಚ್ಚು ಅಂತ ಈಗ ಹೇಳಬಲ್ಲೆ. ಹೋಗಿ ಹೋಗಿ, ನಿಲ್ಲಿ ನಿಲ್ಲಿ, ಇಂಡಿಕೇಟರ್ ಹಾಕಿ, ಹಾಕಿದ್ದು ಸಾಕು ತೆಗೀರಿ ಎಂದು ನನ್ನ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಅದಕ್ಕೇ ಅವರಾಗಿಯೇ ಸೌದಿಯಲ್ಲಿ ನಾನು ಓಡಿಸುತ್ತೇನೆ ಎಂದಾಗ ನಂಬಲಾಗಲಿಲ್ಲ. ಭಾವನಿಗೆ ಹೇಳೋಣ, ಯಾರಾದರೂ ಗೊತ್ತಿರುವವರನ್ನು ಹುಡುಕಲಿ ಎಂದೆ. ಅವರು ಬೈಂಡಿಗೆ ಗಮ್ ಹಚ್ಚಿ, ಒತ್ತಿ, ಆಮೇಲೆ ಹೇಳಿದರು.

"ಈ ಸಲವೂ ನನ್ನಿಂದ ಆಗ್ಲಿಲ್ಲ ಅಂದ್ರೆ ಲೈಸೆನ್ಸ್ ನಿನ್ನ ಕೈಯಲ್ಲಿ ಕೊಡ್ತೇನೆ. ಮತ್ತೆ ಸ್ಟಿಯರಿಂಗ್ ಮುಟ್ಟುದಿಲ್ಲ ನಾನು."

ದನಿ ಏರಿಸಿ ಹೇಳಿದ್ದಲ್ಲ. ದನಿ ಏರಿಸಿದ್ದರೆ ನಾನೂ ಏರಿಸಿ ಗೆಲ್ಲುತ್ತಿದ್ದೆ. ಆರು ಸಲ ಫೇಲಾದಾಗಲೂ ಹೀಗೆ ಹೇಳಿರದ ಮನುಷ್ಯ. ಆ ಹೊತ್ತಿನಿಂದ ನನಗೆ ಎರಡು ಹೆದರಿಕೆ. ಒಂದು, ಇವರು ಎಲ್ಲಾದರೂ ಗುದ್ದಿಸಿಕೊಂಡಾರು ಎಂಬುದು. ಇನ್ನೊಂದು, ಗುದ್ದಿಸದೆ, ಅರ್ಧದಲ್ಲಿ ಸೋತು ಕೂತು, ಹೇಳಿದ ಮಾತನ್ನು ಉಳಿಸಿಕೊಂಡಾರು ಎಂಬುದು. ಎರಡನೆಯದೇ ಹೆಚ್ಚು ಎದೆಗೆ ಒತ್ತುತ್ತಿತ್ತು.

ಸೌದಿ ದಾಟಿ ಹೋಗಲಿಕ್ಕೆ ಮೂರು ದಿನದ ವೀಸಾ ಮಾಡಿಸಿಕೊಂಡೆವು. ಮಗಳನ್ನು ಪಕ್ಕದ ಫ್ಲ್ಯಾಟಿನ ಬ್ಯಾರಿ ಕುಟುಂಬದಲ್ಲಿ ಬಿಟ್ಟೆವು. ಆ ಮನೆಯ ಯಜಮಾನರು ಸೌದಿಯಲ್ಲಿ ಕೆಲಸ ಮಾಡಿ ಬಂದವರು. ನಮಾಜಿನ ಹೊತ್ತಿಗೆ ಪೆಟ್ರೋಲ್ ಪಂಪೆಲ್ಲ ಮುಚ್ಚುತ್ತಾರೆ, ಅದಕ್ಕೆ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಮಣಭಾರದ ಲಾರಿಗಳ ಹತ್ತಿರ ಹೋಗಬೇಡಿ ಎಂದು ಇವರಿಗೆ ಎರಡೆರಡು ಸಲ ಹೇಳಿದರು. ಇವರು ಒಂದು ಚೀಟಿಯಲ್ಲಿ ಬರೆದುಕೊಂಡು ಲೈಸೆನ್ಸಿನ ಹಿಂದೆ ಇಟ್ಟುಕೊಂಡರು.

ವಿಮಾನದಲ್ಲಿ ಬಹರೈನಿಗೆ ಹೋದರೆ, ಅಕ್ಕ ನನಗೊಂದು ಮೈ ಮುಚ್ಚುವ ಕಪ್ಪು ಅಬಾಯ ತಂದಿಟ್ಟಿದ್ದಳು. ಕಾರಿನ ಕನ್ನಡಿಗೆ ಅಷ್ಟು ವರ್ಷ ನೇತಾಡುತ್ತಿದ್ದ ಜಪಸರವನ್ನು ಬಿಚ್ಚಿ ತನ್ನ ಪರ್ಸಿಗೆ ಹಾಕಿಕೊಂಡು, ಸೌದಿಯಲ್ಲಿ ಇದು ಕಾಣುವ ಹಾಗಿಲ್ಲ, ದಾರಿಯಲ್ಲಿ ಬೆರಳೆಣಿಸಿಯೇ ಜಪ ಮಾಡು ಎಂದಳು. ಸನ್ನ, ಕೋಳಿ ಸುಕ್ಕ, ಒಂದು ಫ್ಲಾಸ್ಕ್ ಚಹಾ ಕಟ್ಟಿಕೊಟ್ಟಳು. ಬೆಳಕು ಹರಿಯುವಾಗ ಹೊರಟೆವು. ಭಾವ ಗೇಟಿನವರೆಗೆ ನಡೆದು ಬಂದು ಕಾರಿನ ಬೆನ್ನಿಗೆ ಎರಡು ಸಲ ತಟ್ಟಿದರು.

ಬಹರೈನಿನಲ್ಲಿ ನಾನು ಓಡಿಸಬಹುದಿತ್ತು. ಆದರೆ ಸೇತುವೆಯ ಮಧ್ಯದಲ್ಲಿ ಸೀಟು ಬದಲಿಸುವುದು ಬೇಡ, ಕೈ ಅಲ್ಲಿಗಾಗುವಾಗ ಪಳಗಿರಲಿ ಎಂದು ಅವರೇ ಕೂತರು. ಎರಡೂ ಬದಿ ಸಮುದ್ರ, ನಮ್ಮ ಹಿಂದೆ ಸೂರ್ಯ. ನೋಡಬೇಕಾದದ್ದು ಅದನ್ನು. ನಾನು ನೋಡಿದ್ದು ಸ್ಪೀಡಿನ ಮುಳ್ಳನ್ನು. ಮುಂದಿನ ಕಾರಿನ ಕೆಂಪು ದೀಪ ಹತ್ತಿದಾಗಲೆಲ್ಲ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸೇತುವೆಯ ಮಧ್ಯದ ದ್ವೀಪಕ್ಕೆ ಬರುವಾಗ ನನ್ನ ಮೀನಖಂಡ ನೋಯುತ್ತಿತ್ತು.

ಆ ದ್ವೀಪದಲ್ಲೇ ಗಡಿ. ಬಹರೈನಿನವರು ನಮ್ಮನ್ನು ಬೇಗ ಬಿಟ್ಟರು. ಸೌದಿಯ ಕಡೆ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ಇನ್ಶೂರೆನ್ಸ್ ಆಯಿತು. ಕೊನೆಯದಾಗಿ ಕಾರಿನ ಕಾಗದ ನೋಡುವ ಕಿಟಕಿ. ಒಳಗೆ ಕೂತಿದ್ದ ತರುಣ ಅಧಿಕಾರಿ ಕಾಗದವನ್ನೂ ಇವರ ಮುಖವನ್ನೂ ನೋಡಿ, ಮಾಲೀಕರು ಯಾರು ಎಂದು ಕೇಳಿದರು. ಇವರು ನನ್ನನ್ನು ತೋರಿಸಿದರು. ಓಡಿಸುವವರು ಯಾರು? ಇವರು ತಮ್ಮನ್ನೇ ತೋರಿಸಿಕೊಂಡರು. ಮಾಲೀಕರ ಅನುಮತಿ ಪತ್ರ ಎಲ್ಲಿ? ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಧಿಕಾರಿ "ಮಾಫಿ?", ಇಲ್ಲವಾ, ಎಂದು ಕೈ ಬಿಡಿಸಿ ತೋರಿಸಿದರು. ಇಲ್ಲ ಎಂದು ನಾವೂ ತಲೆಯಾಡಿಸಿದೆವು.

ಮಾಲೀಕಳು ನಾನೇ, ಇಲ್ಲೇ ನಿಂತಿದ್ದೇನೆ, ಬಾಯಲ್ಲೇ ಅನುಮತಿ ಕೊಡುತ್ತೇನೆ ಎಂದು ನನ್ನ ಕ್ಲಿನಿಕ್ಕಿನ ಅರೆಬರೆ ಅರಬ್ಬಿಯಲ್ಲಿ ವಾದಿಸಿದೆ. ಅಧಿಕಾರಿ ಸೌಜನ್ಯದಿಂದಲೇ ಕೇಳಿಸಿಕೊಂಡು, ಬಾಯಿ ಬೇಡ, ಕಾಗದ ಬೇಕು, ಅರಬ್ಬಿಯಲ್ಲಿ ಬೇಕು ಎಂದರು. ಅವರದ್ದೇನೂ ತಪ್ಪಿರಲಿಲ್ಲ. ಓಡಿಸಬಹುದಾದವರಿಗೆ ಕಾರು ಸೇರಿದ್ದಲ್ಲ, ಕಾರು ಯಾರಿಗೆ ಸೇರಿದ್ದೋ ಅವಳು ಓಡಿಸುವ ಹಾಗಿಲ್ಲ. ಅಕ್ಕ, ಭಾವ, ನಾನು, ಇಷ್ಟು ಬುದ್ಧಿವಂತರು ಸೇರಿ ಕಾಗದ ಮಾಡಿಸುವಾಗ ಒಬ್ಬರಿಗೂ ಇದು ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ನಮ್ಮ ಮನೆಯಲ್ಲಿ ಕಾರು ಅಂದರೆ ನನ್ನದು ಎಂಬುದು ಅಷ್ಟು ಗಟ್ಟಿಯಾಗಿತ್ತು.

ಸುಳ್ಳು ಹೇಳುವುದಿಲ್ಲ, ಆಗ ನನಗೆ ಒಳಗೊಳಗೇ ಹಾಯೆನಿಸಿತು. ತಿರುಗಿ ಹೋಗಬಹುದು. ಕಾರು ಹಡಗಿನಲ್ಲಿ ಬರಲಿ, ನಾವು ವಿಮಾನದಲ್ಲಿ ಹೋಗೋಣ. ಯಾರೂ ಸೋತ ಹಾಗಾಗಲಿಲ್ಲ, ಕಾಗದ ಇರಲಿಲ್ಲ ಅಷ್ಟೆ. ಇದನ್ನು ಹೇಳಬೇಕೆಂದು ಅವರ ಕಡೆ ತಿರುಗಿದೆ. ಅವರು ಬ್ಯಾಗಿನ ಜಿಪ್ ತೆಗೆದು, ಅಲ್ಲಿ ಇಲ್ಲವೆಂದು ಗೊತ್ತಿರುವ ಕಾಗದವನ್ನು ಹುಡುಕುತ್ತಿದ್ದರು. ಆ ಹುಡುಕಾಟ ನನಗೆ ಗೊತ್ತಿತ್ತು. ಪ್ರತಿ ಸಲ ಟೆಸ್ಟ್ ಮುಗಿಸಿ ಬಂದಾಗಲೂ ಬಾಗಿಲಲ್ಲಿ ನಿಂತು ಹೀಗೆಯೇ ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತಿದ್ದರು, ನನ್ನ ಮುಖ ನೋಡಬೇಕಾಗದಿರಲಿ ಎಂದು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಬ್ಯಾಗ್ ಮುಚ್ಚಿ, ಬನ್ನಿ, ಕಾಗದ ಮಾಡಿಸುವ ಎಂದೆ.

ಇನ್ಶೂರೆನ್ಸ್ ಕೌಂಟರಿನ ಪಕ್ಕದಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಸಣ್ಣ ಕೋಣೆಯೊಂದಿತ್ತು. ಕೂತಿದ್ದವರು ಪಾಕಿಸ್ತಾನದ ಒಬ್ಬ ಹಿರಿಯರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಇಂಥ ಪತ್ರ ಎಷ್ಟು ಬರೆದಿದ್ದರೋ, ನಾನು ಪೂರ್ತಿ ಹೇಳುವ ಮೊದಲೇ ಬೆರಳು ಓಡತೊಡಗಿತು. ಒಂದೊಂದು ಸಾಲು ಮುಗಿದಂತೆ ಅದರ ಅರ್ಥವನ್ನು ಹಿಂದಿಯಲ್ಲಿ ಹೇಳುತ್ತಿದ್ದರು. ಈ ಕಾರಿನ ಒಡತಿಯಾದ ನಾನು. ಈ ನಂಬರಿನ ಕಾರನ್ನು. ನನ್ನ ಗಂಡನಾದ ಇಂಥವರ ಕೈಗೆ. ಅಲ್ಲಿಗೆ ಬಂದು ಬೆರಳು ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಪೂರೇ ಭರೋಸೇ ಕೇ ಸಾಥ್. ಲಿಖೂಂ, ಬೆಹನ್?"

ಪೂರ್ತಿ ನಂಬಿಕೆಯಿಂದ ಒಪ್ಪಿಸುತ್ತಿದ್ದೇನೆ ಎಂದು ಬರೆಯಲೇ ಎಂದು ಕೇಳಿದ್ದು. ಎಲ್ಲ ಪತ್ರದಲ್ಲೂ ಇರುವ ಸಾಲು ಇರಬೇಕು, ಅವರು ತಮಾಷೆಗೆ ಕೇಳಿರಬೇಕು. ಆದರೆ ಇವರು ನನ್ನ ಹಿಂದೆಯೇ ನಿಂತಿದ್ದರು, ಅವರ ಉಸಿರು ನನಗೆ ಕೇಳುತ್ತಿತ್ತು. ಹನ್ನೊಂದು ವರ್ಷದ ಸಂಸಾರದಲ್ಲಿ ಮಗಳನ್ನು, ಮನೆಯನ್ನು, ಜ್ವರ ಬಂದಾಗ ನನ್ನನ್ನೇ ಇವರ ಕೈಗೆ ಯೋಚಿಸದೆ ಒಪ್ಪಿಸಿದ್ದೇನೆ. ಒಂದು ಸ್ಟಿಯರಿಂಗ್ ಮಾತ್ರ ಕೊಟ್ಟಿರಲಿಲ್ಲ. ಕೊಟ್ಟ ಮೂರು ಸಲವೂ ಬಾಯಿಂದ ಕಿತ್ತುಕೊಂಡಿದ್ದೆ.

"ಲಿಖೋ" ಎಂದೆ.

ಎಲ್ಲಿಯವರೆಗೆ ಎಂದು ಕೇಳಿದರು. ಎಮಿರೇಟ್ಸಿನ ಗಡಿಯವರೆಗೆ ಅನ್ನಬೇಕಿತ್ತು, ಬಾಯಿಗೆ ಬಂದದ್ದು ಮನೆಯವರೆಗೆ ಎಂದು. ಹಿರಿಯರು ಹಾಗೆಯೇ ಹೊಡೆದು, ಪ್ರಿಂಟ್ ತೆಗೆದು, ಸಹಿ ಹಾಕುವ ಜಾಗಕ್ಕೆ ಪೆನ್ನಿನಿಂದ ಸಣ್ಣ ಗುರುತು ಮಾಡಿ ಕೊಟ್ಟರು. ಕಿಟಕಿಯ ಅಧಿಕಾರಿ ಪತ್ರವನ್ನು ಓದಿ, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮುದ್ರೆ ಒತ್ತಿ "ಯಲ್ಲಾ", ಹೊರಡಿ, ಎಂದರು.

ಕಾರಿಗೆ ಬಂದು ಕೂತ ಮೇಲೆ ಅವರು ಕೂಡಲೇ ಸ್ಟಾರ್ಟ್ ಮಾಡಲಿಲ್ಲ. ಕೀ ಹಿಡಿದುಕೊಂಡು ಹೇಳಿದರು.

"ಒಂದು ಮಾತು ಹೇಳ್ತೇನೆ, ಸಿಟ್ಟು ಮಾಡ್ಬೇಡ. ಕಲಿಯುವ ಕಾರಿನಲ್ಲಿ ಮಾಸ್ಟ್ರ ಕಾಲಿನ ಹತ್ರವೂ ಒಂದು ಬ್ರೇಕ್ ಉಂಟಲ್ಲ. ನನ್ಗೆ ಯಾವಾಗ್ಲೂ ಅವರ ಕಾಲಿನ ಮೇಲೇ ಕಣ್ಣು. ಅವರು ಒತ್ತುತ್ತಾರಾ ಅಂತ ನೋಡಿ ನೋಡಿಯೇ ನಾನು ನಿಂತುಬಿಡುದು. ಈಗ ನಿನ್ನ ಕಾಲು ಹಾಗೇ ಮಾಡ್ತಾ ಉಂಟು. ಅದನ್ನೊಂದು ಮೇಲೆ ಎತ್ತಿ ಇಟ್ಕೊಳ್ತೀಯಾ?"

ಆರು ಸಲದ ಫೇಲಿನ ಗುಟ್ಟು ಇಷ್ಟು ವರ್ಷದ ಮೇಲೆ ಸೇತುವೆಯ ಮೇಲೆ ಹೊರಬಿತ್ತು. ನಾನು ಒಮ್ಮೆಯಾದರೂ ಯಾಕೆ ಎಂದು ಕೇಳಿದ್ದರೆ ಆಗಲೇ ಹೇಳುತ್ತಿದ್ದರೋ ಏನೋ. ಕೇಳಿರಲಿಲ್ಲ, ನಕ್ಕಿದ್ದೆ. ಚಪ್ಪಲಿ ಬಿಟ್ಟು, ಸೀಟು ಹಿಂದಕ್ಕೆ ಸರಿಸಿ, ಅಬಾಯದ ಒಳಗೆ ಎರಡೂ ಕಾಲು ಮಡಚಿ ಚಕ್ಕಳ ಮಕ್ಕಳ ಹಾಕಿ ಕೂತೆ. ಅಜ್ಜಿ ಚಾಪೆಯ ಮೇಲೆ ಕೂತು ಬೀಡಿ ಕಟ್ಟುತ್ತಿದ್ದ ಹಾಗೆ. ಅವರು ನೋಡಿ ನಕ್ಕು ಗಾಡಿ ಎಬ್ಬಿಸಿದರು.

ಸೇತುವೆ ಇಳಿದ ಮೇಲಿನ ಊರುಗಳ ಗಲಾಟೆಯಲ್ಲಿ ನಾನು ನಾಲಿಗೆ ಕಚ್ಚಿಕೊಂಡು, ಬೆರಳೆಣಿಸುತ್ತ, ಮೂರು ಸುತ್ತು ಜಪ ಮುಗಿಸಿದೆ. ದೊಡ್ಡ ದೊಡ್ಡ ಗಾಡಿಗಳು ಹಿಂದಿನಿಂದ ದೀಪ ಹೊಡೆದು ಹೊಡೆದು ಬಂದವು. ಇವರು ಎಲ್ಲರಿಗೂ ದಾರಿ ಬಿಟ್ಟರು. ಆದರೆ ನಿಲ್ಲಲಿಲ್ಲ. ಬಲಗಡೆಯ ಸಾಲಿನಲ್ಲಿ ಒಂದೇ ಹದದಲ್ಲಿ ಹೋಗುತ್ತಲೇ ಇದ್ದರು. ಹೊಫೂಫ್ ದಾಟಿದ ಮೇಲೆ ಮರಳು, ಲಾರಿ, ಮತ್ತೆ ಮರಳು. ಒಂದು ಪೆಟ್ರೋಲ್ ಪಂಪಿಗೆ ಹೋಗುವಷ್ಟರಲ್ಲಿ ನಮಾಜಿಗೆ ಮುಚ್ಚಿದ್ದರು. ಚೀಟಿ ಬರೆದುಕೊಂಡವರೂ ಮರೆತಿದ್ದರು. ಬೇರೆ ದಿನವಾದರೆ ನಾನು ಗಡಿಯಾರ ನೋಡಿ ನೋಡಿ ಗೊಣಗುತ್ತಿದ್ದೆ. ಅಲ್ಲೇ ನೆರಳಲ್ಲಿ ನಿಲ್ಲಿಸಿಕೊಂಡು ಸನ್ನವನ್ನು ಸುಕ್ಕಕ್ಕೆ ಅದ್ದಿ ತಿಂದೆವು, ಫ್ಲಾಸ್ಕಿನ ಚಹಾ ಮುಗಿಸಿದೆವು. ಮಗಳ ಫೋನ್ ಬಂತು. ಅಪ್ಪ ಓಡಿಸುತ್ತಿದ್ದಾರೆ ಎಂದದ್ದಕ್ಕೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಆರ್ ಯು ಲೆಟ್ಟಿಂಗ್ ಹಿಮ್, ಮಮ್ಮಾ?" ಒಂಬತ್ತು ವರ್ಷದ ಹುಡುಗಿಗೆ ಕೂಡ ಗೊತ್ತಿತ್ತು.

ಅಲ್ಲಿಂದ ಹೊರಟು ಒಂದು ಗಂಟೆ ಆಗಿರಬಹುದು. ನಮ್ಮ ಮುಂದೆ ಕಬ್ಬಿಣದ ಸರಳು ಹೇರಿದ ಉದ್ದದ ಲಾರಿ. ಇವರು ಅದಕ್ಕೂ ನಮಗೂ ನಡುವೆ ಇನ್ನೂ ಮೂರು ಲಾರಿ ಹಿಡಿಸುವಷ್ಟು ಜಾಗ ಬಿಟ್ಟು ಹೋಗುತ್ತಿದ್ದರು. ಇಷ್ಟು ಹಿಂದೆ ಯಾಕೆ, ಹತ್ತಿರ ಹೋಗಿ ದಾಟಬಾರದಾ ಎಂಬ ಮಾತು ನನ್ನ ಬಾಯಿಯವರೆಗೆ ಬಂದು ನಿಂತಿತ್ತು. ಅಷ್ಟರಲ್ಲಿ ಢಂ ಎಂದು ಲಾರಿಯ ಹಿಂದಿನ ಟಯರೊಂದು ಒಡೆಯಿತು. ರಬ್ಬರಿನ ದೊಡ್ಡ ಪಟ್ಟಿಯೊಂದು ಕಿತ್ತು ಹಾರಿ, ರಸ್ತೆಗೆ ಬಡಿದು, ನಮ್ಮ ಕಡೆಗೇ ಹೊರಳುತ್ತ ಬಂತು. ನನ್ನ ಕಾಲು ಒತ್ತಲು ನೋಡಿತು. ಮಡಚಿ ಅಬಾಯದಲ್ಲಿ ಸಿಕ್ಕಿಕೊಂಡಿತ್ತು, ಆಗಲಿಲ್ಲ. ಅವರು ನನ್ನ ಕಡೆ ನೋಡಲೂ ಇಲ್ಲ. ಗಾಡಿಯ ವೇಗ ಮೆಲ್ಲಗೆ ಇಳಿಯಿತು, ಎಚ್ಚರಿಕೆಯ ದೀಪ ಹತ್ತಿತು, ಕನ್ನಡಿ ನೋಡಿ ಪಕ್ಕದ ಸಾಲಿಗೆ ತೆಗೆದುಕೊಂಡರು. ಆ ಪಟ್ಟಿ ನನ್ನ ಕಿಟಕಿಯ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ಬಿದ್ದಿದ್ದನ್ನು ನೋಡುತ್ತ ದಾಟಿದೆವು. ಲಾರಿಯೂ ಬದಿಗೆ ಹೋಗಿ ನಿಂತಿತು, ಚಾಲಕ ಇಳಿದು ಕೈ ಎತ್ತಿದ್ದು ಕಂಡಿತು. ಇವರೂ ಕೈ ಎತ್ತಿದರು.

ನಾನಾಗಿದ್ದರೆ ಆ ಲಾರಿಯ ಬಾಲಕ್ಕೆ ಅಂಟಿಕೊಂಡಿರುತ್ತಿದ್ದೆ. ದಾಟಲು ಸಂದು ಹುಡುಕುತ್ತಿರುತ್ತಿದ್ದೆ. ನನ್ನ ಡ್ರೈವಿಂಗ್ ನನಗೆ ಗೊತ್ತಿಲ್ಲವೇ? ಎಲ್ಲರಿಗೂ ಜಾಗ ಬಿಡುವ ಅವರ ಆ ಹಾಳು ಮರ್ಯಾದೆಯೇ ಅವತ್ತು ನಮ್ಮಿಬ್ಬರನ್ನು ಉಳಿಸಿತು. ನೀರು ಕುಡೀತೀಯಾ ಎಂದು ಕೇಳಿದರು. ಅವರ ಕಣ್ಣು ರಸ್ತೆಯ ಮೇಲೆಯೇ ಇತ್ತು.

ಸೌದಿಯಿಂದ ಹೊರಬರುವಾಗ ಅಲ್ಲಿನ ಅಧಿಕಾರಿಗಳು ಪತ್ರ ಕೇಳಿದರು, ನೋಡಿ ವಾಪಸು ಕೊಟ್ಟರು. ಆಚೆ ಘುವೈಫಾತ್‌ನಲ್ಲಿ ನಮ್ಮ ಎಮಿರೇಟ್ಸಿನವರು ಕಾರಿನ ಬಾನೆಟ್ ತೆಗೆಸಿ, ಡಿಕ್ಕಿ ತೆಗೆಸಿ, ಸೀಟಿನ ಪ್ಲಾಸ್ಟಿಕ್ ನೋಡಿ ನಕ್ಕು ಬಿಟ್ಟುಕೊಟ್ಟರು. ಅಬುಧಾಬಿಯ ರಸ್ತೆಯ ಹಸಿರು ಫಲಕ ಕಂಡಾಗ ನನಗೆ ನಿಜವಾಗಿ ಅಳು ಬಂತು. ಇಲ್ಲೇ ಹುಟ್ಟಿದವಳ ಹಾಗೆ, ಬಂದೆವಪ್ಪ ಎಂದು ಎರಡು ಸಲ ಹೇಳಿದೆ. ಅಬಾಯ ತೆಗೆದು ಹಿಂದಿನ ಸೀಟಿಗೆ ಹಾಕಿದೆ.

ಸ್ವಲ್ಪ ಮುಂದೆ ಹೋಗಿ ಒಂದು ಪಂಪಿನ ಬದಿಯಲ್ಲಿ ಅವರು ಗಾಡಿ ನಿಲ್ಲಿಸಿ, ಇಳಿದು, ನನ್ನ ಬಾಗಿಲಿನ ಹತ್ತಿರ ಬಂದು ಕೀ ಚಾಚಿದರು. ಇನ್ನು ಯಾವ ಅಡ್ಡಿಯೂ ಇಲ್ಲ, ಇದು ನಿನ್ನ ರಸ್ತೆ, ನಿನ್ನ ಕಾರು ಎಂದರು. ಬೇಸರದಿಂದ ಹೇಳಿದ್ದಲ್ಲ. ಪುಸ್ತಕದ ಬೈಂಡ್ ಮುಗಿಸಿ ಮಗಳಿಗೆ ಕೊಡುವ ಹಾಗೆ, ಮುಗಿಸಿದ ಕೆಲಸವನ್ನು ಒಪ್ಪಿಸುತ್ತಿದ್ದರು. ಮುಂದೆ ಇನ್ನೂ ಸುಮಾರು ಐದು ಗಂಟೆಯ ದಾರಿ, ನೇರ, ಅಗಲ, ನನಗೆ ಇಷ್ಟವಾದ ರಸ್ತೆ. ನನ್ನ ಕೈ ಕೀಯ ಕಡೆಗೆ ಹೋಯಿತು ಕೂಡ. ಆಮೇಲೆ ಡ್ಯಾಶ್‌ಬೋರ್ಡಿನಿಂದ ಆ ಪತ್ರ ತೆಗೆದು ಅವರ ಮುಂದೆ ಹಿಡಿದೆ. ನಮ್ಮಿಬ್ಬರಿಗೂ ಅದನ್ನು ಓದಲು ಬಾರದು.

"ಮನೆವರೆಗೆ ಅಂತ ಬರ್ದುಂಟಲ್ಲ ಮಾರ್ರೆ. ಮನೆ ಎಲ್ಲಿ ಬಂತು?"

ಅವರು ಪತ್ರ ನೋಡಿದರು, ನನ್ನನ್ನು ನೋಡಿದರು. ಸುತ್ತು ಹಾಕಿ ಹೋಗಿ ಕೂತರು. ಬೆಲ್ಟ್ ಹಾಕಿಕೊಳ್ಳುವಾಗ ಎರಡು ಸಲ ತಪ್ಪಿ ಮೂರನೇ ಸಲ ಸಿಕ್ಕಿಸಿದರು.

ನಾನು ಬೇರೆಯವರು ಓಡಿಸುವಾಗ ನಿದ್ದೆ ಮಾಡುವವಳಲ್ಲ. ಟ್ಯಾಕ್ಸಿಯಲ್ಲೂ ಇಲ್ಲ, ಊರಿನ ಬಸ್ಸಿನಲ್ಲೂ ಇಲ್ಲ. ರುವೈಸ್ ಬಂದದ್ದು ನೆನಪಿದೆ, ಅದರ ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಇಂಜಿನ್ ಸದ್ದಿರಲಿಲ್ಲ. ಎದುರಿಗೆ ನಮ್ಮ ಕಟ್ಟಡದ ಪಾರ್ಕಿಂಗಿನ ಕಂಬ, ಅದರ ಮೇಲೆ ನಾನು ದಿನಾ ನೋಡುವ ಹಳದಿ ಗೀಟು. ರಿವರ್ಸಿನಲ್ಲಿ, ಎರಡು ಕಾರುಗಳ ಮಧ್ಯೆ, ಸರಿಯಾಗಿ ನಡುವಿನಲ್ಲಿ ನಿಲ್ಲಿಸಿದ್ದರು. ಎಷ್ಟು ಹೊತ್ತಿನಿಂದ ಎಬ್ಬಿಸದೆ ಕೂತಿದ್ದರೋ, ಕಿಟಕಿಗಳನ್ನು ಅರ್ಧ ಇಳಿಸಿ, ಎರಡೂ ಕೈ ಇನ್ನೂ ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡಿದ್ದರು.

ಮನೆ ಬಂತು ಎಂದರು.

ಇಳಿಯಲು ನೋಡಿದರೆ ಬಲಗಾಲು ಪೂರ್ತಿ ಜೋಮು ಹಿಡಿದಿತ್ತು. ಅಷ್ಟು ದೂರ ಮಡಚಿಕೊಂಡೇ ಬಂದ ಕಾಲು ನೆಲ ಮುಟ್ಟಲು ಒಪ್ಪಲಿಲ್ಲ. ಅವರು ಈ ಬದಿಗೆ ಬಂದು ಬಾಗಿಲು ತೆಗೆದು, ನನ್ನ ತೋಳು ಹಿಡಿದು ಎಬ್ಬಿಸಿ ನಿಲ್ಲಿಸಿದರು. ಅವರ ಮೇಲೆ ಭಾರ ಬಿಟ್ಟು, ಒಂದೇ ಕಾಲಿನಲ್ಲಿ ಕುಂಟುತ್ತ, ಲಿಫ್ಟಿನವರೆಗೆ ನಡೆದೆ.